ಎರಡು ನಿಮಿಷ ಮಾತಾಡೋದು ಇಷ್ಟು ಕಷ್ಟಾನಾ?

ಸಂಜೆ ಮನೆಗೆ ಬರುವ ಮೂವರಿಗೆ ಐಇಎಲ್‌ಟಿಎಸ್ (ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ) ತಯಾರಿ ಮಾಡಿಸುತ್ತಿದ್ದೇನೆ. ಇಬ್ಬರು ನರ್ಸ್‌ಗಳು, ಒಬ್ಬ ಎಂಜಿನಿಯರಿಂಗ್ ಮುಗಿಸಿದವನು. ಮೂವರ ಗ್ರಾಮರ್ ಚೆನ್ನಾಗಿದೆ. ಬಾಯಿ ಬಿಡಿಸುವುದೇ ದೊಡ್ಡ ಕೆಲಸ.

ಸ್ಪೀಕಿಂಗ್ ಪರೀಕ್ಷೆ ಒಟ್ಟು 11ರಿಂದ 14 ನಿಮಿಷ. ಎರಡನೇ ಭಾಗದಲ್ಲಿ ಒಂದು ಕಾರ್ಡ್ ಕೊಡುತ್ತಾರೆ, ಯೋಚಿಸಲು 1 ನಿಮಿಷ, ಆಮೇಲೆ 2 ನಿಮಿಷದವರೆಗೆ ಒಬ್ಬರೇ ಮಾತಾಡಬೇಕು. ಮೊದಲ ದಿನ 'ನಿಮಗಿಷ್ಟವಾದ ಊಟ' ಅಂತ ಕೊಟ್ಟೆ. ಒಬ್ಬಳು 20 ಸೆಕೆಂಡಿಗೇ ಸುಮ್ಮನಾದಳು. ಸರಿ, ಕನ್ನಡದಲ್ಲೇ ಹೇಳಮ್ಮ ಅಂದೆ ನೋಡಿ, ಅಜ್ಜಿ ರೊಟ್ಟಿ ಬಡಿಯುವ ಸದ್ದು, ಎಣ್ಣೆಗಾಯಿ, ಕೊನೆಯ ರೊಟ್ಟಿಗೆ ತಮ್ಮನ ಜೊತೆ ಜಗಳ ಎಲ್ಲ ಸೇರಿಸಿ ಐದು ನಿಮಿಷ ನಿಲ್ಲಿಸಲೇ ಇಲ್ಲ! ವಿಷಯ ಬೇಕಾದಷ್ಟಿತ್ತು, ತಪ್ಪಾದರೆ ಅನ್ನುವ ಹೆದರಿಕೆ ಬಾಯಿ ಕಟ್ಟಿತ್ತು ಅಷ್ಟೇ. ಈಗ ಮೊದಲು ಕನ್ನಡದಲ್ಲಿ ಹೇಳಿಸಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸುತ್ತೇನೆ. ಬಾಯಿಪಾಠ ಮಾತ್ರ ಬೇಡವೇ ಬೇಡ.

ರೈಟಿಂಗ್‌ನಲ್ಲಿ 250 ಪದಗಳ ಪ್ರಬಂಧಕ್ಕೆ ಮೊದಲ ಪ್ರಶ್ನೆಯ ಎರಡು ಪಟ್ಟು ತೂಕ. ಆದರೂ ಎಲ್ಲರೂ ಆ ಮೊದಲ ಪ್ರಶ್ನೆಯ ಗ್ರಾಫ್ ವಿವರಿಸುತ್ತಾ ಅರ್ಧ ಗಂಟೆ ಕಳೆಯುತ್ತಾರೆ. ಅದಕ್ಕೇ 20 ನಿಮಿಷ ಆದ ತಕ್ಷಣ ಹಾಳೆ ಕಿತ್ತುಕೊಳ್ಳುತ್ತೇನೆ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಲಿಸನಿಂಗ್‌ನಲ್ಲಿ ಆಡಿಯೊ ಒಂದೇ ಸಲ ಬರುತ್ತದೆ. ನಮ್ಮ ಎಂಜಿನಿಯರ್ ಸಾಹೇಬರು ನಿನ್ನೆ ಒಂದು ಉತ್ತರ ತಪ್ಪಿತು ಅಂತ ಕೊರಗುತ್ತಾ ಕೂತು ಮುಂದಿನ ಮೂರನ್ನೂ ಕಳೆದುಕೊಂಡರು. ಶನಿವಾರ ಅವನದೇ ಪರೀಕ್ಷೆ. ನನಗೇ ನಿದ್ದೆ ಬರುತ್ತಿಲ್ಲ, ಅವನು ಆರಾಮಾಗಿ ಕ್ರಿಕೆಟ್ ನೋಡುತ್ತಿದ್ದಾನಂತೆ.