ಒಂದೂ ತೂತಿಲ್ಲ

"ಮೇಡಂ, ಒಂದೂ ತೂತಿಲ್ಲ!"

ಸೋಮವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಲ್ಯಾಬಿನ ಹುಡುಗ ಪ್ಲೇಟನ್ನು ದೀಪಕ್ಕೆ ಹಿಡಿದು ನಿಂತಿದ್ದ. ಮುಖ ಊರಗಲ ಅರಳಿತ್ತು.

ಪ್ಲೇಟಿನಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿದ್ದು ಅಸೈಕ್ಲೋವಿರ್ ಎಂಬ ಔಷಧಿಗೆ ಬಗ್ಗದ ಹರ್ಪಿಸ್ ವೈರಸ್. ಅಸೈಕ್ಲೋವಿರ್ ಹಾಕಿದ ಸಾಲಿನಲ್ಲಿ ಅದು ಕೋಶಗಳನ್ನು ಕೊಂದು, ನೇರಳೆ ಬಣ್ಣದ ನಡುವೆ ತೂತುಗಳನ್ನು ಬಿಟ್ಟಿತ್ತು. ನಮ್ಮ ಹೊಸ ಸಂಯುಕ್ತದ ಸಾಲಿನಲ್ಲಿ ಮಾತ್ರ ಸೊನ್ನೆ.

"ಬಣ್ಣ ಯಾಕೋ ತೆಳುವಾಗಿದೆ ಅಲ್ವಾ?" ಅಂದೆ.

ಅಷ್ಟೇ ಅಂದದ್ದು. ಅರಳಿದ ಮುಖ ಬಾಡಿಹೋಯಿತು. ಕ್ರಿಸ್ಟಲ್ ವಯೊಲೆಟ್ ಅನ್ನುವ ಆ ನೇರಳೆ ಬಣ್ಣ ಹಿಡಿಯುವುದು ತಳಕ್ಕೆ ಅಂಟಿ ಉಳಿದ ಕೋಶಗಳಿಗೆ. ಬಣ್ಣ ತೆಳುವಾದರೆ ಕೋಶಗಳೇ ಕಡಿಮೆ. ಕೋಶ ಸೊರಗಿದರೆ ವೈರಸ್ ಬೆಳೆಯುವುದಾದರೂ ಎಲ್ಲಿ? ಮನೆ ಸುಟ್ಟು ಇಲಿ ಓಡಿಸಿದ ಹಾಗೆ.

ವೈರಸ್ ಇಲ್ಲದೆ ಔಷಧಿ ಮಾತ್ರ ಹಾಕಿದ ಪ್ಲೇಟ್ ಇದ್ದಿದ್ದರೆ ಇದು ಮೊದಲೇ ಗೊತ್ತಾಗುತ್ತಿತ್ತು. ಅದು ಇರಲಿಲ್ಲ. "ಆಮೇಲೆ ಮಾಡೋಣ" ಅಂದವಳು ನಾನೇ. ನಮ್ಮ ಬಾಸ್‌ಗೆ ಬೇಕಾಗಿದ್ದು ಬೇಗ ಒಂದು ಅಂಕಿ. ಕೆಟ್ಟವರಲ್ಲ, ಆದರೆ ಮೈಕ್ರೋಸ್ಕೋಪ್ ಮುಂದೆ ಕೂತು ಬಹಳ ಕಾಲವಾಗಿದೆ. ಹುಡುಗ ಮಾತ್ರ ತಪ್ಪು ತನ್ನದೇ ಅನ್ನುವ ಹಾಗೆ ನಿಂತಿದ್ದ. ನಾನೂ ತಕ್ಷಣ ಬಾಯಿ ಬಿಡಲಿಲ್ಲ. ಅದೇ ಈಗ ಚುಚ್ಚುತ್ತಿರುವುದು.

ಕೊಲ್ಲುವುದು ಸುಲಭ, ಆರಿಸಿ ಕೊಲ್ಲುವುದು ಕಷ್ಟ. ಔಷಧ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಅವರ ತಂಡದ ಅಸೈಕ್ಲೋವಿರ್ ಗೆದ್ದದ್ದು ಅಲ್ಲೇ. ಆರೋಗ್ಯವಂತ ಕೋಶದಲ್ಲಿ ಅದು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಎಬ್ಬಿಸುವುದು ವೈರಸ್‌ನದೇ ಕಿಣ್ವ, ಥೈಮಿಡಿನ್ ಕೈನೇಸ್. ಎಂಥ ಜಾಣತನ! ಆದರೆ ವೈರಸ್ ಆ ಕಿಣ್ವವನ್ನೇ ಕೈಬಿಟ್ಟರೆ? ಔಷಧಿ ಏಳುವುದೇ ಇಲ್ಲ. ನಿರೋಧಕತೆ ಬಹುತೇಕ ಬರುವುದು ಹೀಗೆಯೇ. ಮೂಳೆಮಜ್ಜೆ ಕಸಿಯಾದವರಂಥ ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಇದು ಜಾಸ್ತಿ. ಆಮೇಲೆ ಉಳಿಯುವುದು ಫಾಸ್ಕಾರ್ನೆಟ್‌ನಂಥ ಔಷಧಿ. ಅದಕ್ಕೆ ಆ ಕಿಣ್ವ ಬೇಕಿಲ್ಲ, ನೇರವಾಗಿ ವೈರಸ್‌ನ ಡಿಎನ್‌ಎ ನಕಲು ಮಾಡುವ ಪಾಲಿಮರೇಸ್ ಕಿಣ್ವವನ್ನು ತಡೆಯುತ್ತದೆ. ಆದರೆ ಡ್ರಿಪ್‌ನಲ್ಲಿ ಕೊಡಬೇಕು, ಕಿಡ್ನಿಗೂ ಪೆಟ್ಟು. ಮೊದಲೇ ಸೋತ ದೇಹಕ್ಕೆ ಇನ್ನೊಂದು ಹೊರೆ. ತೆಳುವಾದ ಬಣ್ಣ ನೋಡಿದಾಗ ನನಗೆ ಕಂಡದ್ದು ಅಂಥ ರೋಗಿಯ ಹಾಸಿಗೆಯೇ. ಸೊನ್ನೆ ನೋಡಿ ಕುಣಿದವರು ನಾವು, ಬೆಲೆ ತೆರುವವರು ಅವರು.

ಮಂಗಳವಾರ ಬೆಳಗ್ಗೆ ಹುಡುಗನಿಗೆ ಹೇಳಿದೆ: "ವೈರಸ್ ಇಲ್ಲದ ಪ್ಲೇಟ್ ಮಾಡದೆ ಬಿಟ್ಟದ್ದು ನನ್ನ ತಪ್ಪು ಮಾರಾಯ." ಅವನು ನಕ್ಕ. ಮತ್ತೆ ಕೋಶ ಹಾಕಿದೆವು. ಈ ಸಲ ಔಷಧಿಯ ಪ್ರಮಾಣವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆವು.

ನಿನ್ನೆ ಸಂಜೆ ಬಣ್ಣ ಹಾಕಿದಾಗ ಅವನು ಮೊದಲು ಎತ್ತಿದ್ದು ವೈರಸ್ ಇಲ್ಲದ ಪ್ಲೇಟು. ಕೆಳಗಿನ ಮೆಟ್ಟಿಲುಗಳಲ್ಲಿ ಬಣ್ಣ ಗಾಢವಾಗಿತ್ತು, ಕೋಶಗಳು ಚೆನ್ನಾಗಿದ್ದವು. ಆಮೇಲೆ ವೈರಸ್ ಇದ್ದ ಪ್ಲೇಟನ್ನು ದೀಪಕ್ಕೆ ಹಿಡಿದ. ಅದೇ ಮೆಟ್ಟಿಲುಗಳಲ್ಲಿ ತೂತುಗಳೂ ಇದ್ದವು, ಬೇಕಾದಷ್ಟು.

"ಎಣಿಸ್ಲಾ ಮೇಡಂ?"

"ಎಣಿಸು," ಅಂದು ಪೆನ್ನು ಕೊಟ್ಟೆ.