ಮಾರಾಟದ ಲಾಭವನ್ನು ತೆಗೆದಿಟ್ಟು ನೋಡಿ: ಫುಟ್‌ಬಾಲ್ ಕ್ಲಬ್‌ಗಳ ಲೆಕ್ಕದಿಂದ ನಾನು ಕಲಿತದ್ದು

ನಾನು ಮೈಸೂರಿನಲ್ಲಿ ಚಾರ್ಟರ್ಡ್ ಅಕೌಂಟೆಂಟ್. ಆಫೀಸು ಸರಸ್ವತಿಪುರಂನಲ್ಲಿದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಸಣ್ಣ ವರ್ಕ್‌ಶಾಪ್‌ಗಳು, ಮಂಡ್ಯ, ಮದ್ದೂರು ಕಡೆಯ ರೈಸ್ ಮಿಲ್‌ಗಳು, ಬೆಲ್ಲದ ವ್ಯಾಪಾರಿಗಳು ನಮ್ಮ ಕ್ಲೈಂಟ್‌ಗಳು. ಆರ್ಟಿಕಲ್‌ಶಿಪ್‌ಗೆ, ಅಂದರೆ ಸಿಎ ಓದುತ್ತಾ ಕೆಲಸ ಕಲಿಯಲು, ಬರುವ ಮಕ್ಕಳಿಗೆ ಬ್ಯಾಲೆನ್ಸ್ ಶೀಟ್ ಓದುವುದನ್ನು ಕಲಿಸುವಾಗ ನಾನು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್‌ಗಳ ಲೆಕ್ಕಪತ್ರ ತೆಗೆಯುತ್ತೇನೆ. ಅವು ಅಲ್ಲಿನ ಕಂಪನೀಸ್ ಹೌಸ್‌ನ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಗರು ರಾತ್ರಿ ಕೂತು ಮ್ಯಾಚ್ ನೋಡುವವರೇ. ಹಾಗಾಗಿ ರೈಸ್ ಮಿಲ್ ಲೆಕ್ಕಕ್ಕೆ ಆಕಳಿಸುವವರೂ ಇದಕ್ಕೆ ಕಣ್ಣರಳಿಸುತ್ತಾರೆ.

ಅವರಿಗೆ ಮೊದಲು ಹೇಳಿಕೊಡುವುದು ಒಂದೇ ವಿಷಯ. ಲಾಭ ಎಷ್ಟು ಅಂತ ಕೇಳುವ ಮೊದಲು, ಅದರಲ್ಲಿ ಏನನ್ನೋ ಮಾರಿ ಬಂದದ್ದೆಷ್ಟು, ದಿನನಿತ್ಯದ ವ್ಯವಹಾರದಿಂದ ಬಂದದ್ದೆಷ್ಟು ಅಂತ ಬೇರೆ ಮಾಡಿ.

ಕ್ಲಬ್‌ಗಳ ಲೆಕ್ಕದಲ್ಲಿ ಇದು ತುಂಬಾ ಸ್ಪಷ್ಟವಾಗಿ ಕಾಣುತ್ತದೆ. ಒಬ್ಬ ಆಟಗಾರನನ್ನು 5 ಕೋಟಿ ಪೌಂಡ್ ಕೊಟ್ಟು 5 ವರ್ಷದ ಒಪ್ಪಂದಕ್ಕೆ ಕೊಂಡರು ಅಂದುಕೊಳ್ಳಿ. ಆ 5 ಕೋಟಿ ಒಂದೇ ವರ್ಷದ ಖರ್ಚಾಗಿ ಬೀಳುವುದಿಲ್ಲ. ನಾವು ಮೆಷಿನ್‌ಗೆ ಸವಕಳಿ ಹಾಕುತ್ತೇವಲ್ಲ, ಅದೇ ರೀತಿ ವರ್ಷಕ್ಕೆ 1 ಕೋಟಿಯಂತೆ ಹಂಚುತ್ತಾರೆ. ಮೂರು ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 2 ಕೋಟಿ. ಆಗ ಅವನನ್ನು 6 ಕೋಟಿಗೆ ಮಾರಿದರೆ, 4 ಕೋಟಿ ಲಾಭ ಅದೇ ವರ್ಷದಲ್ಲಿ ಪೂರ್ತಿ ಬಂದು ಕೂರುತ್ತದೆ. ಖರ್ಚು ನಿಧಾನ, ಲಾಭ ಒಂದೇ ಏಟಿಗೆ. ಇನ್ನು ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದ ಹುಡುಗನ ಪುಸ್ತಕದ ಬೆಲೆ ಸೊನ್ನೆ. ಅವನನ್ನು ಮಾರಿ ಬಂದದ್ದೆಲ್ಲ ಲಾಭವೇ. ಊರಿನ ಜನ ಯಾರನ್ನು 'ನಮ್ಮ ಹುಡುಗ' ಅಂತ ಎದೆಗೆ ಹಚ್ಚಿಕೊಂಡಿರುತ್ತಾರೋ, ಲೆಕ್ಕದ ಪುಸ್ತಕಕ್ಕೆ ಅವನನ್ನೇ ಮಾರುವ ಆಸೆ. ನನಗೆ ಇದು ಈ ಪದ್ಧತಿಯ ಅತಿ ಕ್ರೂರ ಭಾಗ ಅನಿಸುತ್ತದೆ.

2024ರ ಜೂನ್ ಕೊನೆಯಲ್ಲಿ ಹೀಗೇ ಆಯಿತು. ನ್ಯೂಕ್ಯಾಸಲ್ ಕ್ಲಬ್ಬಿನ ಹೆಚ್ಚಿನ ಪಾಲು 2021ರಿಂದ ಸೌದಿ ಅರೇಬಿಯಾದ ಸರ್ಕಾರಿ ನಿಧಿಯದ್ದು. ದುಡ್ಡಿಗೆ ಬರವೇ ಇಲ್ಲ. ಆದರೂ ತನ್ನ ಅಕಾಡೆಮಿಯ ಎಲಿಯಟ್ ಆ್ಯಂಡರ್ಸನ್‌ನನ್ನು ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಕೊಡಬೇಕಾಯಿತು. ಕಾರಣ ಇಂಗ್ಲೆಂಡಿನ ಅತಿ ಮೇಲಿನ ಲೀಗಾದ ಪ್ರೀಮಿಯರ್ ಲೀಗಿನ ಅಂದಿನ ನಿಯಮ. ಮೂರು ವರ್ಷದ ಒಟ್ಟು ನಷ್ಟ 10.5 ಕೋಟಿ ಪೌಂಡ್ ಮೀರುವ ಹಾಗಿರಲಿಲ್ಲ. ಮಾಲೀಕ ಎಷ್ಟೇ ಶ್ರೀಮಂತನಾದರೂ ಸರಿ. ಲೆಕ್ಕದ ವರ್ಷ ಮುಗಿಯುವುದು ನಮಗೆ ಮಾರ್ಚ್ 31 ಇದ್ದ ಹಾಗೆ ಅಲ್ಲಿ ಹೆಚ್ಚಿನ ಕ್ಲಬ್‌ಗಳಿಗೆ ಜೂನ್ 30.

ಆ ದಿನಾಂಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಫಾರೆಸ್ಟ್ ಒಂದು ವರ್ಷ ಮೊದಲು ಸಿಕ್ಕಿಹಾಕಿಕೊಂಡ ಕಥೆ ಇದೆ. 2022ರಲ್ಲಿ 23 ವರ್ಷಗಳ ನಂತರ ಮೇಲಿನ ಲೀಗಿಗೆ ಬಂದ ಕ್ಲಬ್ ಅದು. ಉಳಿದುಕೊಳ್ಳಲೇಬೇಕು ಅಂತ ಒಂದೇ ಸೀಸನ್‌ನಲ್ಲಿ 20ಕ್ಕೂ ಜಾಸ್ತಿ ಆಟಗಾರರನ್ನು ತಂದರು. ಉಳಿದುಕೊಂಡರು ಕೂಡ. ಆದರೆ ಖರ್ಚು ಮಿತಿ ಮೀರಿತ್ತು. ಕೈಯಲ್ಲಿ ಬ್ರೆನನ್ ಜಾನ್ಸನ್ ಇದ್ದ. ಅಕಾಡೆಮಿಯ ಹುಡುಗ, ಮಾರಿದರೆ ಪೂರ್ತಿ ಲಾಭ. ಜೂನ್ 30ರ ಒಳಗೆ ಮಾರಿದ್ದರೆ ಆ ವರ್ಷದ ಲೆಕ್ಕದಲ್ಲಿ ಸೇರುತ್ತಿತ್ತು. ಒಳ್ಳೆಯ ಬೆಲೆಗೆ ಕಾದರು. ಸೆಪ್ಟೆಂಬರ್ 1ಕ್ಕೆ ಟಾಟನ್‌ಹ್ಯಾಮ್ 4.75 ಕೋಟಿ ಪೌಂಡ್ ಕೊಟ್ಟಿತು. ಬೆಲೆ ಸಿಕ್ಕಿತು, ದಿನಾಂಕ ತಪ್ಪಿತು. ಹಿಂದಿನ ಎರಡು ವರ್ಷ ಕೆಳಗಿನ ಲೀಗಿನಲ್ಲಿದ್ದ ಕಾರಣ ಅವರ ನಷ್ಟದ ಮಿತಿ 6.1 ಕೋಟಿ ಮಾತ್ರ ಇತ್ತು. ಅದನ್ನು 3.45 ಕೋಟಿ ಮೀರಿದ್ದರು. 2024ರ ಮಾರ್ಚ್‌ನಲ್ಲಿ 4 ಅಂಕ ಕಡಿತವಾಯಿತು. ವಿಚಾರಣೆಗೆ ಚೆನ್ನಾಗಿ ಸಹಕರಿಸಿದ್ದಕ್ಕೆ 6 ಇದ್ದದ್ದು 4 ಆಯಿತು.

ನಮ್ಮ ಹುಡುಗರು ಇಲ್ಲಿ ಎರಡು ಗುಂಪಾಗುತ್ತಾರೆ. ಕಾದದ್ದೇ ಸರಿ, ಕಡಿಮೆಗೆ ಕೊಟ್ಟಿದ್ದರೆ ಕ್ಲಬ್ಬಿಗೇ ನಷ್ಟ ಅಲ್ವಾ ಅಂತ ಒಂದು ಗುಂಪು. ವಾದ ಸುಳ್ಳಲ್ಲ. ವಿಚಾರಣೆಯಲ್ಲಿ ಕ್ಲಬ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಆದರೆ ನಾನು ಕೇಳುವುದು ಬೇರೆ. ಇಪ್ಪತ್ತು ಜನರನ್ನು ಕೊಳ್ಳುವಾಗಲೇ, ಇವರ ದುಡ್ಡಿಗೆ ಜೂನ್ ಒಳಗೆ ಯಾರನ್ನಾದರೂ ಮಾರಲೇಬೇಕಾಗುತ್ತದೆ ಅಂತ ಗೊತ್ತಿರಲಿಲ್ಲವೇ? ಗೊತ್ತಿದ್ದರೆ ಮಾರಾಟದ ಮಾತು ಜನವರಿಯಲ್ಲೇ ಶುರುವಾಗಬೇಕಿತ್ತು. ಮಾರಲೇಬೇಕು ಅಂತ ಎದುರಿನವನಿಗೆ ತಿಳಿದ ಮೇಲೆ ಯಾರು ಸರಿಯಾದ ಬೆಲೆ ಕೊಡುತ್ತಾರೆ?

ನಮ್ಮ ಕ್ಲೈಂಟ್ ಒಬ್ಬರ ವಿಷಯ ಹೇಳುತ್ತೇನೆ. ಮಂಡ್ಯದ ಹತ್ತಿರ ರೈಸ್ ಮಿಲ್ ಅವರದು. 2023ರಲ್ಲಿ ಬೆಂಗಳೂರು–ಮೈಸೂರು ಹೈವೇ ಉದ್ಘಾಟನೆ ಆಯಿತಲ್ಲ, ಅದರ ಪಕ್ಕದಲ್ಲಿ ಅವರಿಗೆ ಸ್ವಲ್ಪ ಜಾಗ ಇತ್ತು. ಒಳ್ಳೆಯ ಬೆಲೆ ಬಂತು, ಒಂದು ಭಾಗ ಮಾರಿದರು. ವರ್ಷದ ಕೊನೆಗೆ ಲೆಕ್ಕ ನೋಡಿ, "ಈ ಸಲ ಲಾಭ ಚೆನ್ನಾಗೈತೆ ಅಲ್ವಾ ಮೇಡಂ, ಬ್ಯಾಂಕಲ್ಲಿ ಸಿಸಿ ಲಿಮಿಟ್ ಜಾಸ್ತಿ ಕೇಳೋಣ" ಅಂದರು. ವ್ಯಾಪಾರ ನಡೆಸಲು ಬ್ಯಾಂಕು ಕೊಡುವ ಸಾಲದ ಮಿತಿ ಅದು. ನಾನು ಜಾಗದ ಲಾಭವನ್ನು ತೆಗೆದಿಟ್ಟು ಇನ್ನೊಂದು ಶೀಟ್ ಮಾಡಿ ಅವರ ಮುಂದಿಟ್ಟೆ. ಮಿಲ್ ನಷ್ಟದಲ್ಲಿತ್ತು. ಭತ್ತದ ಬೆಲೆ, ಕರೆಂಟ್ ಬಿಲ್, ಕೂಲಿ ಎಲ್ಲ ಏರಿತ್ತು, ಅಕ್ಕಿಯ ಬೆಲೆ ಅಷ್ಟು ಏರಿರಲಿಲ್ಲ. ಅವರು ಸ್ವಲ್ಪ ಹೊತ್ತು ಆ ಶೀಟನ್ನೇ ನೋಡಿ, "ಹಂಗಾದ್ರೆ ನಾವು ಬಿತ್ತನೆ ಭತ್ತ ಬೇಯಿಸ್ಕೊಂಡು ಉಂಡಂಗಾಯ್ತು" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಯಾವ ಪಾಠದಲ್ಲೂ ಹೇಳಿಲ್ಲ. ಉಳಿದ ದುಡ್ಡಿನಲ್ಲಿ ಕೆಟ್ಟ ಕಾಳನ್ನು ಬಣ್ಣ ನೋಡಿ ಬೇರೆ ಮಾಡುವ ಹೊಸ ಕಲರ್ ಸಾರ್ಟರ್ ಮೆಷಿನ್ ಹಾಕಿಸಿದರು, ಜಾಸ್ತಿ ಬಡ್ಡಿಯ ಸಾಲ ತೀರಿಸಿದರು. ಲಿಮಿಟ್ ಜಾಸ್ತಿ ಕೇಳಲಿಲ್ಲ.

ಜಾಗ ಮಾರಿದ ಮಾತು ಬಂದಾಗಲೆಲ್ಲ ನನಗೆ ಬ್ರೈಟನ್ ನೆನಪಾಗುತ್ತದೆ. ಈಗ ಎಲ್ಲರೂ ಆ ಕ್ಲಬ್ಬಿನ ಜಾಣತನ ಹೊಗಳುತ್ತಾರೆ. 1990ರ ದಶಕದಲ್ಲಿ ಅದೇ ಕ್ಲಬ್ಬಿನ ಅಂದಿನ ಮಾಲೀಕರು ಗೋಲ್ಡ್‌ಸ್ಟೋನ್ ಗ್ರೌಂಡನ್ನು, ಅಂದರೆ ತಮ್ಮ ಸ್ವಂತ ಮೈದಾನವನ್ನೇ, ಬಿಲ್ಡರ್‌ಗಳಿಗೆ ಮಾರಿಬಿಟ್ಟರು. ಸಾಲ ಇತ್ತು, ಮಾರಿದರು. ಮುಂದೆ ಎಲ್ಲಿ ಆಡುವುದು ಅನ್ನುವುದಕ್ಕೆ ಉತ್ತರ ಇರಲಿಲ್ಲ. 1997ರ ಏಪ್ರಿಲ್‌ನಲ್ಲಿ ಅಲ್ಲಿ ಕೊನೆಯ ಪಂದ್ಯ ನಡೆಯಿತು. ಅದಾದ ಮುಂದಿನ ವಾರ ಹೆರ್‌ಫರ್ಡ್ ವಿರುದ್ಧ 1–1 ಡ್ರಾ ಆದ ಕಾರಣ ಮಾತ್ರ ತಂಡ ಫುಟ್‌ಬಾಲ್ ಲೀಗಿನಲ್ಲೇ ಉಳಿಯಿತು. ಆಮೇಲೆ ಎರಡು ವರ್ಷ 'ತವರಿನ' ಪಂದ್ಯಗಳಿಗೆ ಜಿಲ್ಲಿಂಗ್‌ಹ್ಯಾಮ್‌ವರೆಗೆ ಹೋಗಬೇಕಾಯಿತು, ಹತ್ತಿರ ಹತ್ತಿರ 110 ಕಿಲೋಮೀಟರ್. ನಂತರ ಒಂದು ಅಥ್ಲೆಟಿಕ್ಸ್ ಮೈದಾನದಲ್ಲಿ ದಿನ ದೂಡಿದರು. ಸ್ವಂತ ಸ್ಟೇಡಿಯಂ ಬಂದದ್ದು 2011ರಲ್ಲಿ. ಗೋಲ್ಡ್‌ಸ್ಟೋನ್ ಇದ್ದ ಕಡೆ ಈಗ ಅಂಗಡಿಗಳಿವೆ.

2009ರಲ್ಲಿ ಟೋನಿ ಬ್ಲೂಮ್ ಮಾಲೀಕರಾದರು. ಚಿಕ್ಕಂದಿನಿಂದ ಅದೇ ಕ್ಲಬ್ಬಿನ ಅಭಿಮಾನಿ. ಅವರು ಬಡ್ಡಿಯಿಲ್ಲದೆ ಕ್ಲಬ್ಬಿಗೆ ಕೊಟ್ಟ ಸಾಲ 30 ಕೋಟಿ ಪೌಂಡ್ ದಾಟಿತ್ತು. ಅವರ ಕಾಲದಲ್ಲೂ ಮಾರಾಟ ನಿಂತಿಲ್ಲ, ಜಾಸ್ತಿಯೇ ಆಯಿತು. ಆದರೆ ಮಾರುವ ರೀತಿ ಬದಲಾಯಿತು.

ಮೊಯ್ಸೆಸ್ ಕೈಸೆಡೊ ವಿಷಯ ನೋಡಿ. 2021ರಲ್ಲಿ ಇಕ್ವೆಡಾರ್‌ನಿಂದ 50 ಲಕ್ಷ ಪೌಂಡ್‌ಗೂ ಕಡಿಮೆಗೆ ತಂದರು. ತಕ್ಷಣ ಆಡಿಸಲಿಲ್ಲ. ಬೆಲ್ಜಿಯಂನ ಕ್ಲಬ್ಬೊಂದಕ್ಕೆ ಎರವಲು ಕಳಿಸಿ ಪಳಗಿಸಿದರು. 2023ರ ಜನವರಿಯಲ್ಲಿ ಆರ್ಸೆನಲ್ 7 ಕೋಟಿ ಪೌಂಡ್‌ವರೆಗೆ ಬಂತು. ಹುಡುಗನೇ ಬಹಿರಂಗವಾಗಿ, ನನ್ನನ್ನು ಬಿಡಿ ಅಂತ ಬರೆದ. ಬ್ರೈಟನ್ ಬಿಡಲಿಲ್ಲ. ಸೀಸನ್ ಅರ್ಧ ಬಾಕಿ ಇತ್ತು, ತಂಡ ಮೇಲೆ ಏರುತ್ತಿತ್ತು. ಮಾರ್ಚ್‌ನಲ್ಲಿ ಅವನಿಗೆ ಹೊಸ ಒಪ್ಪಂದ ಕೊಟ್ಟರು. ತಂಡ ಆರನೇ ಸ್ಥಾನಕ್ಕೆ ಬಂದು ಇತಿಹಾಸದಲ್ಲೇ ಮೊದಲ ಸಲ ಯುರೋಪಿನ ಟೂರ್ನಿಗೆ ಅರ್ಹತೆ ಪಡೆಯಿತು. ಆಗಸ್ಟ್‌ನಲ್ಲಿ ಚೆಲ್ಸಿಗೆ ಮಾರಿದರು. 10 ಕೋಟಿ ಪೌಂಡ್, ಷರತ್ತುಗಳು ಪೂರೈಸಿದರೆ 11.5 ಕೋಟಿ. ಅದೇ ತಿಂಗಳು ಫ್ರಾನ್ಸಿನ ಲೀಲ್ ಕ್ಲಬ್ಬಿನಿಂದ ಕಾರ್ಲೋಸ್ ಬಲೇಬಾ ಎಂಬ ಹತ್ತೊಂಬತ್ತರ ಹುಡುಗನನ್ನು ತಂದರು.

ಇದರಲ್ಲಿ ನನಗೆ ಬೆಲೆಗಿಂತ ಜನವರಿಯ 'ಇಲ್ಲ' ದೊಡ್ಡದಾಗಿ ಕಾಣುತ್ತದೆ. ಆ 7 ಕೋಟಿ ತೆಗೆದುಕೊಂಡಿದ್ದರೂ ಲೆಕ್ಕದ ಪುಸ್ತಕ ಖುಷಿಯಾಗಿಯೇ ಇರುತ್ತಿತ್ತು. ಸೀಸನ್ ಮುರಿಯುತ್ತಿತ್ತು. ಯಾವಾಗ ಬೇಕಾದರೂ ಮಾರದೆ, ನಮ್ಮ ಕೆಲಸ ಮುಗಿದ ಮೇಲೆ ಮಾರುತ್ತೇವೆ ಅನ್ನಬೇಕಾದರೆ ದಿನದ ಖರ್ಚಿಗೆ ಆ ದುಡ್ಡು ಬೇಕಿರಬಾರದು. ಬ್ಲೂಮ್ ಹಾಗೆ ಹೇಳಲು ಅವರ ಸ್ವಂತ ಹಣ ಬೆನ್ನಿಗಿತ್ತು, ಅದನ್ನು ಮರೆಯಬಾರದು. ಅಂಥ ಮಾಲೀಕ ಎಲ್ಲ ಕ್ಲಬ್ಬಿಗೂ ಸಿಗುವುದಿಲ್ಲ. ಮಾರಿದ ಮೇಲೆ ಬೆಲೆಯನ್ನೂ ತೆರಬೇಕಾಯಿತು. ಮುಂದಿನ ಸೀಸನ್‌ನಲ್ಲಿ ಬ್ರೈಟನ್ 11ನೇ ಸ್ಥಾನಕ್ಕೆ ಇಳಿಯಿತು.

ಬದಲಿ ಹುಡುಕುವ ಕಣ್ಣು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಸೌತಾಂಪ್ಟನ್ ಸಾಕು. 2014ರಲ್ಲಿ ಲಲಾನಾ, ಲ್ಯಾಂಬರ್ಟ್, ಲವ್ರೆನ್, ಶಾ, ಚೇಂಬರ್ಸ್ ಎಲ್ಲರನ್ನೂ ಮಾರಿತು. ಮಾನೆ, ಟಾಡಿಚ್, ಪೆಲ್ಲೆ ಬಂದರು. ತಂಡ ಏಳನೇ ಸ್ಥಾನ, ಮರುವರ್ಷ ಆರನೇ ಸ್ಥಾನ. ಆದರೆ ಆಟಗಾರರನ್ನು ಹುಡುಕುವ ವಿಭಾಗದ ಮುಖ್ಯಸ್ಥರಾಗಿದ್ದ ಪಾಲ್ ಮಿಚೆಲ್ 2014ರಲ್ಲೇ ಟಾಟನ್‌ಹ್ಯಾಮ್‌ಗೆ ಹೋಗಿದ್ದರು. 2018ರ ಜನವರಿಯಲ್ಲಿ ವ್ಯಾನ್ ಡೈಕ್‌ನನ್ನು ಲಿವರ್‌ಪೂಲ್‌ಗೆ 7.5 ಕೋಟಿ ಪೌಂಡ್‌ಗೆ ಮಾರಿದಾಗ, ಅದೇ ತಿಂಗಳು ಕ್ಲಬ್ಬಿನ ದಾಖಲೆ ಬೆಲೆ ಕೊಟ್ಟು ತಂದ ಫಾರ್ವರ್ಡ್ ಒಂದು ಗೋಲನ್ನೂ ಹೊಡೆಯಲಿಲ್ಲ. ಆ ಸೀಸನ್ 17ನೇ ಸ್ಥಾನ. 2023ರಲ್ಲಿ ಕೆಳಗಿನ ಲೀಗಿಗೆ ಬಿತ್ತು. ಬ್ಯಾಲೆನ್ಸ್ ಶೀಟ್‌ನಲ್ಲಿ ಆಟಗಾರನಿಗೆ ಬೆಲೆ ಇದೆ, ಅವನನ್ನು ಹುಡುಕಿದವನಿಗೆ ಇಲ್ಲ. ನಮ್ಮ ವರ್ಕ್‌ಶಾಪ್ ಕ್ಲೈಂಟ್‌ಗಳಿಗೆ ಇದನ್ನು ನಾನು ಒತ್ತಿ ಒತ್ತಿ ಹೇಳುತ್ತೇನೆ. ಮೆಷಿನ್ ಮಾರಿ ಹೊಸದು ತರಬಹುದು. ಡೈ ಮಾಡುವ ಹಳೆಯ ಫೋರ್‌ಮನ್ ಹೋದರೆ ಯಾವ ಶೀಟಿನಲ್ಲೂ ಕಾಣುವುದಿಲ್ಲ, ಎರಡು ವರ್ಷ ಬಿಟ್ಟು ರಿಜೆಕ್ಷನ್‌ನಲ್ಲಿ ಕಾಣುತ್ತದೆ.

ನಮ್ಮ ದೇಶದ ಕ್ಲಬ್‌ಗಳಿಗೆ ಈ ತಾಪತ್ರಯ ಇನ್ನೂ ಬಂದೇ ಇಲ್ಲ. ಆಟಗಾರನನ್ನು ಮಾರಿ ದೊಡ್ಡ ದುಡ್ಡು ನೋಡುವ ಮಾರುಕಟ್ಟೆ ಇಲ್ಲಿಲ್ಲ, ಹೆಚ್ಚಿನದೆಲ್ಲ ಮಾಲೀಕರ ಜೇಬಿನಿಂದಲೇ ನಡೆಯುತ್ತದೆ. 2025ರ ಜುಲೈನಲ್ಲಿ ಇಲ್ಲಿನ ದೊಡ್ಡ ಫುಟ್‌ಬಾಲ್ ಲೀಗ್ ಆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ತಡೆಹಿಡಿದಾಗ ಇಡೀ ದೇಶದ ಆಟಗಾರರು ದಿಕ್ಕು ತೋಚದೆ ನಿಂತರು. ಆಟಗಾರರನ್ನು ಬೆಳೆಸಿ ಮಾರುವ ದಾರಿಯೊಂದು ಇಲ್ಲೂ ಇದ್ದಿದ್ದರೆ ಅಂತ ನನಗೆ ನಿಜವಾಗಿ ಅನಿಸಿತು.

ಮಂಡ್ಯದಿಂದ ಓಡಾಡುವ ನಮ್ಮ ಆರ್ಟಿಕಲ್ ಹುಡುಗನೊಬ್ಬ ಇದನ್ನೆಲ್ಲ ಕೇಳಿ ಒಂದು ಪ್ರಶ್ನೆ ಹಾಕಿದ. "ಲೆಕ್ಕ ಎಲ್ಲ ಸರಿ ಮೇಡಂ. ಕಪ್ ಯಾವಾಗ ಗೆಲ್ಲೋದು?" ಬ್ರೈಟನ್ ಇದುವರೆಗೂ ಎಫ್‌ಎ ಕಪ್ಪನ್ನಾಗಲಿ ಲೀಗನ್ನಾಗಲಿ ಗೆದ್ದಿಲ್ಲ. ಪ್ರಶ್ನೆ ನ್ಯಾಯವಾದದ್ದು.

ಅವನಿಗೆ ನಾನು ಕ್ರಿಸ್ಟಲ್ ಪ್ಯಾಲೇಸ್ ಲೆಕ್ಕ ತೋರಿಸಿದೆ. 2024ರ ಬೇಸಿಗೆಯಲ್ಲಿ ಪ್ಯಾಲೇಸ್ ಮೈಕಲ್ ಒಲಿಸೆಯನ್ನು ಬೇಯರ್ನ್ ಮ್ಯೂನಿಕ್‌ಗೆ ಮಾರಿತು. ಅದೇ ಬೇಸಿಗೆಯಲ್ಲಿ ಮಾರ್ಕ್ ಗುಯೇಹಿಗೆ ನ್ಯೂಕ್ಯಾಸಲ್ 6 ಕೋಟಿ ಪೌಂಡ್‌ಗೂ ಮೇಲೆ ಹೇಳಿತು, ಕೊಡಲಿಲ್ಲ. ಒಬ್ಬನನ್ನು ಮಾರಿದರು, ಒಬ್ಬನನ್ನು ಉಳಿಸಿಕೊಂಡರು. 2025ರ ಮೇ 17ರಂದು ವೆಂಬ್ಲಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1–0ರಿಂದ ಸೋಲಿಸಿ ಎಫ್‌ಎ ಕಪ್ ಗೆದ್ದರು. ಕ್ಲಬ್ಬಿನ ಇತಿಹಾಸದಲ್ಲಿ ಮೊದಲ ದೊಡ್ಡ ಕಪ್. ಕಪ್ ಎತ್ತಿದವರಲ್ಲಿ ಗುಯೇಹಿ ಇದ್ದ. ಅವನ ಒಪ್ಪಂದಕ್ಕೆ ಆಗ ಒಂದೇ ವರ್ಷ ಉಳಿದಿತ್ತು, ಬೆಲೆ ಕುಸಿದಿತ್ತು. ಸೆಪ್ಟೆಂಬರ್ 1ರಂದು ಲಿವರ್‌ಪೂಲ್ ಸುಮಾರು 3.5 ಕೋಟಿ ಪೌಂಡ್‌ಗೆ ಒಪ್ಪಿತ್ತು. ಆದರೆ ಬದಲಿಗೆ ಬರಬೇಕಿದ್ದ ಡಿಫೆಂಡರ್ ಬರಲಿಲ್ಲ. ಪ್ಯಾಲೇಸ್ ಕೊನೆಯ ಗಳಿಗೆಯಲ್ಲಿ ಮಾರಾಟ ನಿಲ್ಲಿಸಿತು.

ಬರೀ ದುಡ್ಡು ನೋಡಿದರೆ ಕೋಟಿಗಟ್ಟಲೆ ಪೌಂಡ್ ಕೈಬಿಟ್ಟ ಹಾಗೆ. ನಾನು ಅದನ್ನು ನಷ್ಟ ಅಂತ ಬರೆಯಲು ಒಪ್ಪುವುದಿಲ್ಲ. ನೂರು ವರ್ಷ ದಾಟಿದ ಕ್ಲಬ್, ತಲೆಮಾರುಗಳಿಂದ ಬರಿಗೈಯಲ್ಲಿ ಮನೆಗೆ ಹೋದ ಜನ. ಅವರ ಟಿಕೆಟ್ ದುಡ್ಡಿನಿಂದಲೇ ಕ್ಲಬ್ ಉಳಿದದ್ದು. ಒಂದು ವರ್ಷ ಆ ಜನರ ಕಡೆಗೆ ತೂಕ ಹಾಕಿದರೆ ಅದೂ ಮಾಲೀಕನ ಕರ್ತವ್ಯವೇ. ಹಾಗೆ ಮಾಡಲು ಕ್ಲಬ್ಬಿಗೆ ಶಕ್ತಿ ಬಂದದ್ದು ಒಲಿಸೆಯನ್ನು ಮಾರಿದ ದುಡ್ಡು ಕೈಯಲ್ಲಿದ್ದದ್ದರಿಂದ. ಹುಡುಗ ಇದನ್ನು ಒಪ್ಪಿದ. ಅವನು ನ್ಯೂಕ್ಯಾಸಲ್ ಅಭಿಮಾನಿ, ಆ್ಯಂಡರ್ಸನ್ ಹೋದದ್ದನ್ನು ಇನ್ನೂ ಕ್ಷಮಿಸಿಲ್ಲ.

ರೈಸ್ ಮಿಲ್‌ನವರ ಹೈವೇ ಪಕ್ಕದ ಉಳಿದ ಜಾಗವನ್ನೂ ಈಗ ಕೇಳುತ್ತಿದ್ದಾರೆ. ಅದರಲ್ಲೇ ಅವರ ಗೋಡೌನ್ ಇದೆ. ಕಿರಿಯ ಮಗನಿಗೆ ಬೆಲೆ ಹಿಡಿಸಿದೆ, ಬ್ರಾಂಡ್ ಹಾಕಿ ಅಕ್ಕಿ ಮಾರುವ ದೊಡ್ಡ ಯೋಜನೆಯೂ ಅವನ ತಲೆಯಲ್ಲಿದೆ. ಯೋಜನೆ ಚೆನ್ನಾಗಿದೆ, ನಾನೇ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುತ್ತಿದ್ದೇನೆ. ಬೇರೆ ಗೋಡೌನ್ ಗೊತ್ತಾಗಿ ಅದರ ಬಾಡಿಗೆ ಕರಾರು ಕೈಗೆ ಬರುವ ತನಕ ಅಗ್ರಿಮೆಂಟ್‌ಗೆ ಸಹಿ ಹಾಕಬೇಡಿ, ಅಡ್ವಾನ್ಸ್ ಮುಟ್ಟಬೇಡಿ ಅಂತ ಅಪ್ಪ ಮಗ ಇಬ್ಬರನ್ನೂ ಕೂರಿಸಿ ಹೇಳಿದ್ದೇನೆ. ಸುಗ್ಗಿ ಮುಗಿಯುವ ತನಕ ಕಾಯಲು ಕೊಳ್ಳುವವರು ಒಪ್ಪಿದ್ದಾರೆ.