ದೀಪದ ಕುಡಿ ಬಾಗುವಷ್ಟು

10 ಡಿಸೆಂಬರ್ 2024, ಮಂಗಳವಾರ, ರಾತ್ರಿ

"ಅತ್ತೆ, ಜೋರಾಗಿ ಉಸಿರು ಎಳ್ಕೊಳಿ. ಇನ್ನೂ ಜೋರಾಗಿ ಎಳ್ಕೊಳಿ."

ಓಪಿಡಿ ಹೊರಗಿನ ಬೆಂಚಿನಲ್ಲಿ ಸೊಸೆ ಇದನ್ನೇ ಹೇಳುತ್ತಿದ್ದಳು. ಅಜ್ಜಿ ಎರಡೂ ಅಂಗೈ ಮಂಡಿಗೆ ಊರಿ ಮುಂದಕ್ಕೆ ಬಾಗಿ ಕೂತಿದ್ದರು. ಸೊಸೆ ಭುಜ ಹಿಡಿದು ನೆಟ್ಟಗೆ ಮಾಡುವುದು, ಅಜ್ಜಿ ಮತ್ತೆ ಬಾಗುವುದು. ಬೀಡಿ, ಹೊಗೆಸೊಪ್ಪು ಮುಟ್ಟಿದವರಲ್ಲ. ಸೌದೆ ಒಲೆಯ ಮುಂದೆ ನಲವತ್ತು ವರ್ಷ ಕಳೆದವರು; ಆ ಹೊಗೆಗೆ ಶ್ವಾಸಕೋಶ ಕೆಟ್ಟು ಈಗ ಉಬ್ಬಸ. ಸಂಜೆಯಿಂದ ಆ ಕೂತ ಭಂಗಿಯೇ ಕಣ್ಣಮುಂದೆ. ಯಾರೂ ಹೇಳಿಕೊಡದೆ ಎಷ್ಟು ಕರಾರುವಾಕ್ಕಾಗಿ ಕೂತಿದ್ದರು!

ಎದೆಯ ಮುಂಭಾಗದ ದೊಡ್ಡ ಸ್ನಾಯು, ಪೆಕ್ಟೊರಾಲಿಸ್ ಮೇಜರ್, ಒಂದು ತುದಿಯಲ್ಲಿ ತೋಳಿನ ಮೂಳೆಯನ್ನೂ ಇನ್ನೊಂದು ತುದಿಯಲ್ಲಿ ಎದೆಮೂಳೆ ಮತ್ತು ಪಕ್ಕೆಲುಬಿನ ಮೆದುಮೂಳೆಗಳನ್ನೂ ಹಿಡಿದಿದೆ. ಎದೆ ಅಲುಗದಿದ್ದರೆ ಅದು ತೋಳನ್ನು ಎಳೆಯುತ್ತದೆ. ತೋಳನ್ನೇ ಮಂಡಿಗೆ ಊರಿ ಕಟ್ಟಿಹಾಕಿದರೆ ಅದೇ ಎಳೆತ ತಿರುಗಿ ಪಕ್ಕೆಲುಬನ್ನು ಎತ್ತುತ್ತದೆ. ಅದರಡಿಯ ಪೆಕ್ಟೊರಾಲಿಸ್ ಮೈನರ್ 3ರಿಂದ 5ನೇ ಪಕ್ಕೆಲುಬಿಗೆ ಅಂಟಿದೆ. ಭುಜ ಊರಿ ನಿಂತರೆ ಅದೂ ಎತ್ತಲು ಸೇರಿಕೊಳ್ಳುತ್ತದೆ. ಮುಂದಕ್ಕೆ ಬಾಗಿದಾಗ ಹೊಟ್ಟೆಯೊಳಗಿನದೆಲ್ಲ ವಪೆಯನ್ನು, ಅಂದರೆ ಎದೆಯ ತಳದಲ್ಲಿರುವ ಉಸಿರಾಟದ ಸ್ನಾಯುವನ್ನು, ಕೆಳಗಿನಿಂದ ಒತ್ತಿ, ಇಂಥವರಲ್ಲಿ ಚಪ್ಪಟೆಯಾಗಿದ್ದ ಅದಕ್ಕೆ ಒಂದಿಷ್ಟು ಗುಮ್ಮಟದ ಆಕಾರ ಮರಳಿ ಕೊಡುತ್ತದೆ. ನೆಟ್ಟಗೆ ಕೂರಿಸಿದರೆ ಎರಡೂ ಅನುಕೂಲ ಹೋಯಿತು. ಅಂಗಾತ ಮಲಗಿಸಿದರಂತೂ ಕೇಳಲೇಬೇಡಿ.

ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆ ಎಂದು ಶಾಲೆಯ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಪರದೆ ಎಂದೊಡನೆ ಅಡ್ಡಲಾಗಿ ಕಟ್ಟಿದ ಬಟ್ಟೆಯ ಚಿತ್ರ ಬರುತ್ತದೆ, ತೊಂದರೆ ಶುರುವಾಗುವುದೇ ಅಲ್ಲಿ. ಅದರ ಎಳೆಗಳು ಕೆಳಗಿನ ಆರು ಪಕ್ಕೆಲುಬುಗಳಿಂದ ಹೊರಟು, ಎದೆಗೂಡಿನ ಒಳಗೋಡೆಗೆ ಒರಗಿಕೊಂಡೇ ನೆಟ್ಟಗೆ ಮೇಲೇರಿ, ಆಮೇಲೆ ನಡುವಿನ ಸ್ನಾಯುರಜ್ಜುವಿನ ಕಡೆಗೆ ಬಾಗುತ್ತವೆ. ನಿಂತಿರುವಾಗ ಎದೆಗೂಡಿನ ಒಳಗೋಡೆಯಲ್ಲಿ ಕೆಳಗಿನ ಮೂರನೇ ಒಂದರಷ್ಟು ಭಾಗಕ್ಕೆ ವಪೆಯೇ ಒರಗಿರುತ್ತದೆ. ಸುಮ್ಮನೆ ಕೂತು ಉಸಿರಾಡುವಾಗ ಎಳೆಗಳು ಕುಗ್ಗಿ ಗುಮ್ಮಟ 1ರಿಂದ 2 ಸೆಂಟಿಮೀಟರ್ ಇಳಿಯುತ್ತದೆ. ಇಳಿಯುತ್ತಿದ್ದಂತೆ ಹೊಟ್ಟೆ ಎದುರು ಒತ್ತುತ್ತದೆ, ನಡುಭಾಗ ಮುಂದೆ ಇಳಿಯಲಾರದೆ ನಿಲ್ಲುತ್ತದೆ. ಆಗ ಅದೇ ಎಳೆಗಳು ಪಕ್ಕೆಲುಬಿನ ಅಂಚನ್ನು ಮೇಲಕ್ಕೆತ್ತುತ್ತವೆ. 7ರಿಂದ 10ನೇ ಪಕ್ಕೆಲುಬು ಬಕೆಟ್ಟಿನ ಕಂಬಿಯಂತೆ ಹೊರಕ್ಕೂ ಮೇಲಕ್ಕೂ ಏಳುತ್ತವೆ. ಮೇಲಿನವು ಕೈಪಂಪಿನ ಹಿಡಿಯಂತೆ ಎದೆಮೂಳೆಯನ್ನು ಮುಂದಕ್ಕೆ ನೂಕುತ್ತವೆ. ನೆಟ್ಟಗೆ ಏರಿದ ಎಳೆ ಇದ್ದರೆ ಮಾತ್ರ ಎತ್ತುವ ಕೆಲಸ ಆಗುತ್ತದೆ ಎಂಬುದನ್ನು ಗಮನಿಸಬೇಕು.

ಎದೆಯೊಳಗೆ ಗಾಳಿ ಸಿಕ್ಕಿಕೊಂಡವರಲ್ಲಿ ಗುಮ್ಮಟ ಮೊದಲೇ ಕೆಳಗೆ ಇಳಿದು ಕೂತಿರುತ್ತದೆ. ಎಳೆಗಳು ಈಗ ಅಡ್ಡಡ್ಡ. ಅಡ್ಡ ಎಳೆ ಕುಗ್ಗಿದರೆ ಪಕ್ಕೆಲುಬನ್ನು ಎತ್ತುವ ಬದಲು ಒಳಕ್ಕೆ ಜಗ್ಗುತ್ತದೆ. ನೋಡುವ ವಿಧಾನ ಸುಲಭ: ಎರಡು ಹೆಬ್ಬೆರಳನ್ನು ಎದೆಮೂಳೆಯ ಕೆಳತುದಿಯ ಆಚೀಚೆ, ಪಕ್ಕೆಲುಬಿನ ಅಂಚಿನ ಮೇಲೆ ಇಟ್ಟು ಉಸಿರು ಎಳೆಯಲು ಹೇಳುವುದು. ಬೆರಳುಗಳು ದೂರ ಸರಿಯಬೇಕು. ಅಜ್ಜಿಯಲ್ಲಿ ಹತ್ತಿರ ಬಂದವು. 1920ರಲ್ಲಿ ಅಮೆರಿಕದ ವೈದ್ಯ ಹೂವರ್ ಬರೆದಿಟ್ಟ ಲಕ್ಷಣ ಇದು. ಮಷಿನ್ ಬೇಡ, ಕರೆಂಟು ಬೇಡ. ಅಂಗರಚನೆ ಓದುವ ನಮ್ಮ ಮೊದಲ ವರ್ಷದ ಮಕ್ಕಳಿಗೆ ವಪೆಯ ತೂತುಗಳು ಎದೆಭಾಗದ 8, 10, 12ನೇ ಬೆನ್ನುಮೂಳೆಯ ಮಟ್ಟದಲ್ಲಿ ಎಂಬುದು ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಹೆಬ್ಬೆರಳು ಇಡಿ ಎಂದರೆ ಎಲ್ಲಿಡಬೇಕು ಎಂದು ಮುಖ ನೋಡುತ್ತಾರೆ.

ಗಾಳಿ ಸಿಕ್ಕಿ ಎದೆ ಉಬ್ಬಿದೆ ಎಂಬುದನ್ನು ಕುತ್ತಿಗೆಯೂ ಹೇಳುತ್ತದೆ. ಗಂಟಲ ಮುಂದಿನ ಕ್ರೈಕಾಯ್ಡ್ ಎಂಬ ಮೆದುಮೂಳೆಯ ಉಂಗುರಕ್ಕೂ ಎದೆಮೂಳೆಯ ಮೇಲಿನ ಗುಳಿಗೂ ನಡುವೆ ಮೂರು ನಾಲ್ಕು ಬೆರಳು ಹಿಡಿಯಬೇಕು. ಅಜ್ಜಿಗೆ ಎರಡು ಬೆರಳು ಹಿಡಿಸಿದ್ದೇ ಹೆಚ್ಚು.

ಬೀಡಿಯವರಲ್ಲಿ ಗಾಳಿಗೂಡುಗಳ ಗೋಡೆ ಹರಿದು, ಹಳೇ ಲಂಗದ ಎಲಾಸ್ಟಿಕ್‌ನಂತೆ ಶ್ವಾಸಕೋಶ ಸಡಿಲವಾಗುವುದು ಹೆಚ್ಚು. ಒಲೆ ಹೊಗೆಯವರಲ್ಲಿ ಸಣ್ಣ ನಳಿಕೆಗಳ ಗೋಡೆ ದಪ್ಪಗಟ್ಟಿ ದಾರಿ ಕಿರಿದಾಗುವುದು ಹೆಚ್ಚು. ಎರಡರಲ್ಲೂ ಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ಗಟ್ಟಿಮುಟ್ಟಾದವರು ಎಷ್ಟೇ ಉಸಿರು ಬಿಟ್ಟರೂ ಒಳಗೆ ಸುಮಾರು 1.2 ಲೀಟರ್ ಉಳಿಯುತ್ತದೆ. ಕಾಯಿಲೆ ಬಲಿತವರಲ್ಲಿ ಅದು ಎರಡು ಪಟ್ಟು ದಾಟುವುದೂ ಉಂಟು.

ಇನ್ನು ಲೆಕ್ಕ. ನಿಮಿಷಕ್ಕೆ 15 ಉಸಿರಾದರೆ ಒಂದಕ್ಕೆ 4 ಸೆಕೆಂಡು. ಅದರಲ್ಲಿ ಎಳೆಯಲು ಒಂದು ಪಾಲು, ಬಿಡಲು ಎರಡು ಪಾಲು. ಅಜ್ಜಿ ಬೆಂಚಿನಲ್ಲಿ 28 ಉಸಿರಾಡುತ್ತಿದ್ದರು, ಅಂದರೆ ಒಂದಕ್ಕೆ ಎರಡೇ ಸೆಕೆಂಡು ಚಿಲ್ಲರೆ. ಕಿರಿದಾದ ನಳಿಕೆ ಖಾಲಿಯಾಗಲು ಅಷ್ಟು ಸಾಲದು. ಹಿಂದಿನ ಉಸಿರು ಮುಗಿಯುವ ಮೊದಲೇ ಮುಂದಿನದು. ಪ್ರತಿ ಸಲ ಚೂರು ಚೂರು ಉಳಿದು ಎದೆ ಇನ್ನಷ್ಟು ಉಬ್ಬುತ್ತದೆ. ಅಂಥವರಿಗೆ "ಜೋರಾಗಿ ಎಳ್ಕೊಳಿ" ಎನ್ನುವುದು ತುಂಬಿದ ಬಸ್ಸಿಗೆ ಇನ್ನೂ ನಾಲ್ಕು ಜನ ಹತ್ತಿಸಿದಂತೆ. ಟಿವಿ ನೋಡಿ ಉಸಿರು ಕಟ್ಟುವುದು, ಕಪಾಲಭಾತಿ ಮಾಡುವುದು ಈ ಸ್ಥಿತಿಯಲ್ಲಿ ಬೇಡ.

"ಮೂಗಿಂದ ಮೆಲ್ಲಗೆ, ಒಂದು, ಎರಡು. ತುಟಿ ಸಣ್ಣ ಮಾಡಿ, ಊದುಗೊಳವೆ ಹಿಡಿದ ಹಾಗೆ, ಒಂದು, ಎರಡು, ಮೂರು, ನಾಲ್ಕು," ಅಂದೆ ನಾನು.

"ಊದಿ ಊದೀನೇ ಹಿಂಗಾಗಿರೋದು. ಈಗ ಮತ್ತೆ ಊದು ಅಂತೀರಲ್ಲ ಸಾ!" ಅಂದರು ಅಜ್ಜಿ. ಸೊಸೆಗೆ ನಗು ತಡೆಯಲಾಗಲಿಲ್ಲ. ಅಜ್ಜಿಗೆ ನಗಲು ಉಸಿರಿರಲಿಲ್ಲ.

ಅವರ ಮಾತಿನಲ್ಲಿ ಅರ್ಧ ಪಾಠ ಇತ್ತು. ಒಲೆಗೆ ಊದಿದಂತೆ ಊದಿದರೆ ಕೆಟ್ಟಿತು: ಹೊಟ್ಟೆಯ ಸ್ನಾಯು ಬಿಗಿದು ಎದೆಯೊಳಗಿನ ಒತ್ತಡ ಏರಿ ಸಣ್ಣ ನಳಿಕೆಗಳು ಮುಚ್ಚಿಕೊಳ್ಳುತ್ತವೆ. ಕೊಳವೆ ಹಿಡಿದ ತುಟಿ ಸರಿ, ಊದುವ ಬಲ ತಪ್ಪು. ಸಣ್ಣ ತುಟಿ ಗಾಳಿಯನ್ನು ಚೂರು ತಡೆದು ಹಿಂದಕ್ಕೆ ಒತ್ತಡ ಕೊಡುತ್ತದೆ, ಆ ಒತ್ತಡ ನಳಿಕೆಗಳನ್ನು ತೆರೆದೇ ಇಡುತ್ತದೆ. ದೇವರ ದೀಪದ ಮುಂದೆ ಊದಿದರೆ ಕುಡಿ ಬಾಗಬೇಕು, ಆರಬಾರದು. ಅದು ಅವರಿಗೆ ತಟ್ಟನೆ ಹಿಡಿಯಿತು. ಐದು ನಿಮಿಷದಲ್ಲಿ 28 ಇದ್ದದ್ದು 22ಕ್ಕೆ ಬಂತು.

ಸೊಸೆಗೆ ಹೇಳಿದ್ದು: ಮುಂದೆ ಮೇಜು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಮೊಳಕೈ. ನಿಂತಾಗ ಉಬ್ಬಸ ಬಂದರೆ ಅಡಿಗೆ ಕಟ್ಟೆಗೆ ಮೊಳಕೈ ಊರುವುದು. ತಲೆ ಬಾಚುವುದು, ಮೇಲಿನ ತಂತಿಗೆ ಬಟ್ಟೆ ಹರವುವುದು ನಡೆಯುವುದಕ್ಕಿಂತ ಸುಸ್ತು, ಏಕೆಂದರೆ ಉಸಿರಿಗೆ ದುಡಿಯುತ್ತಿದ್ದ ಸ್ನಾಯು ಕೈ ಎತ್ತಿಹಿಡಿಯಲು ಹೋಗಿಬಿಡುತ್ತದೆ. ಸ್ನಾನ ಸ್ಟೂಲಿನ ಮೇಲೆ. ಮುದ್ದೆ ಒಮ್ಮೆಗೆ ಅರ್ಧ, ಹೊಟ್ಟೆ ಬಿರಿದರೆ ವಪೆಗೆ ಜಾಗವಿಲ್ಲ. ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ, ಒಂದು ವಾಕ್ಯ ಮುಗಿಸಲಾರದಾದರೆ ಕಾಯದೆ ಕರೆತನ್ನಿ.

ಎಲ್ಲ ತಲೆಯಾಡಿಸಿದಳು. ಗ್ಯಾಸ್ ಬಂದು ಆರು ವರ್ಷವಾಯಿತು, ಅಡುಗೆಗೆ ಸೌದೆ ಇಲ್ಲವೇ ಇಲ್ಲ ಅಂದಳು. ಅವರು ಬಸ್ಸಿಗೆ ಹೋದ ಮೇಲೆ ಹೊಳೆಯಿತು, ಅಡುಗೆಗೆ ಅಂದಳೇ ಹೊರತು ಬಚ್ಚಲಿನ ಹಂಡೆಗೆ ಏನು ಹಾಕುತ್ತಾರೆ ಎಂದು ಕೇಳಲಿಲ್ಲ. ಈ ಚಳಿಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ತೆಂಗಿನಗರಿ ತುರುಕುವವರು ಯಾರು, ಸೊಸೆಯೋ ಅಥವಾ ಅಜ್ಜಿಯೋ?